ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ನಂತರದ ಮೂತ್ರ ತೊಂದರೆಗಳು ಮತ್ತು ಮೂತ್ರಕೋಶದ ತಪಾಸಣೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗ

ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ವಿಕಿರಣ ಅಥವಾ ಹಾರ್ಮೋನ್ ಚಿಕಿತ್ಸೆ ಪಡೆದ ಗಂಡಸರಲ್ಲಿ ಮೂತ್ರ ಸೋರುವುದು, ತಡೆಯಲಾಗದ ಅವಸರ, ರಾತ್ರಿ ಪದೇ ಪದೇ ಏಳುವುದು, ಧಾರೆ ಸಣ್ಣಗಾಗುವುದು, ಉರಿಮೂತ್ರ, ರಕ್ತ ಬೀಳುವುದು, ಮೂತ್ರ ಕಟ್ಟುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಕೆಲವು ವಾರಗಳಲ್ಲಿ ತಾವಾಗಿ ಇಳಿಯುವಂಥವು ಇವುಗಳಲ್ಲಿವೆ; ವರ್ಷಗಳ ನಂತರ ತಲೆಯೆತ್ತುವಂಥವೂ ಇವೆ. ಹೊರಗೆ ಒಂದೇ ರೀತಿ ಕಾಣುವ ಲಕ್ಷಣದ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಸೋರಿಕೆಗೆ ಸ್ನಾಯು ಸಡಿಲಾದದ್ದು ಕಾರಣವಿರಬಹುದು, ಮೂತ್ರಕೋಶ ಖಾಲಿಯಾಗದೆ ತುಂಬಿ ತುಳುಕುತ್ತಿರುವುದೂ ಇರಬಹುದು. ಮೊದಲನೆಯದಕ್ಕೆ ವ್ಯಾಯಾಮ ಬೇಕು, ಎರಡನೆಯದಕ್ಕೆ ಅಡ್ಡಿ ತೆಗೆಯಬೇಕು. ಆದ್ದರಿಂದ ತಪಾಸಣೆಯಿಲ್ಲದೆ ಗುಳಿಗೆ ನುಂಗುವುದು ಅಪಾಯಕರ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ರೋಗಿಗಳಿಗೆ ಈ ವಿಷಯ ಇನ್ನಷ್ಟು ಮುಖ್ಯ. ಇಲ್ಲಿನವರು ಕ್ಯಾನ್ಸರ್ ಚಿಕಿತ್ಸೆಗೆ ದೂರದ ನಗರಕ್ಕೆ ಹೋಗಿ ಬರುತ್ತಾರೆ. ನಂತರದ ವರ್ಷಗಳ ಬದುಕು ಮಾತ್ರ ಊರಿನಲ್ಲೇ ನಡೆಯುತ್ತದೆ. ಅಗತ್ಯ ತಪಾಸಣೆಗಳಲ್ಲಿ ಬಹುಪಾಲು ತಾಲ್ಲೂಕು ಮಟ್ಟದಲ್ಲೇ ಆಗುವಂಥವು. ಅವನ್ನು ಸಮಯಕ್ಕೆ ಸರಿಯಾಗಿ ಮಾಡಿಸಿಕೊಂಡರೆ ಮೂತ್ರಪಿಂಡ ಉಳಿಯುತ್ತದೆ, ದುಡಿಮೆ ಉಳಿಯುತ್ತದೆ, ಮಾನವೂ ಉಳಿಯುತ್ತದೆ.

ಅಂಗರಚನೆ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಕುಳಿತಿರುತ್ತದೆ. ಮೂತ್ರಕೋಶದಿಂದ ಹೊರಡುವ ಮೂತ್ರನಾಳ ಈ ಗ್ರಂಥಿಯ ನಡುವಿನಿಂದಲೇ ಹಾದುಹೋಗುತ್ತದೆ. ಹೀಗಾಗಿ ಗ್ರಂಥಿ ಊದಿದರೂ, ತೆಗೆದರೂ, ಅದಕ್ಕೆ ವಿಕಿರಣ ಕೊಟ್ಟರೂ ಪೆಟ್ಟು ಮೂತ್ರದ ದಾರಿಗೆ ತಗಲುತ್ತದೆ.

ಮೂತ್ರ ಹಿಡಿದಿಡುವ ಕೆಲಸವನ್ನು ಎರಡು ಬಳೆಯಾಕಾರದ ಸ್ನಾಯುಗಳು ಮಾಡುತ್ತವೆ. ಒಂದು ಮೂತ್ರಕೋಶದ ಕೊರಳಿನಲ್ಲಿದೆ. ಅದು ನಮ್ಮ ಗಮನಕ್ಕೆ ಬಾರದಂತೆ ತಾನಾಗಿ ಬಿಗಿದಿರುತ್ತದೆ. ಇನ್ನೊಂದು ಪ್ರಾಸ್ಟೇಟಿನ ಕೆಳತುದಿಯಲ್ಲಿದ್ದು, ಬೇಕೆಂದಾಗ ಬಿಗಿಹಿಡಿಯಲು ಬರುತ್ತದೆ. ಮೂತ್ರಕೋಶದ ಗೋಡೆಯೇ ಒಂದು ದೊಡ್ಡ ಸ್ನಾಯು. ಆರೋಗ್ಯವಂತ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಮೂತ್ರ ಹಿಡಿಯುತ್ತದೆ. ತುಂಬುವಾಗ ಗೋಡೆ ಸಡಿಲವಾಗಿದ್ದು ಬಳೆಗಳು ಬಿಗಿಯಾಗಿರಬೇಕು. ಹೊರಹೋಗುವಾಗ ಗೋಡೆ ಕುಗ್ಗಿ ಬಳೆಗಳು ಸಡಿಲಾಗಬೇಕು. ಈ ಹೊಂದಾಣಿಕೆ ತಪ್ಪಿದಾಗ ಹುಟ್ಟುವ ಲಕ್ಷಣಗಳನ್ನು ವೈದ್ಯರು ಮೂರು ಗುಂಪು ಮಾಡುತ್ತಾರೆ. ಅವಸರ, ಪದೇ ಪದೇ ಹೋಗುವುದು, ರಾತ್ರಿ ಏಳುವುದು, ಸೋರಿಕೆ ಇವು ಹಿಡಿದಿಡುವಾಗಿನ ತೊಂದರೆಗಳು. ಶುರುವಾಗಲು ತಡ, ಸಣ್ಣ ಧಾರೆ, ನಿಂತು ನಿಂತು ಬರುವುದು, ತಿಣುಕಬೇಕಾಗುವುದು ಹೊರಹಾಕುವಾಗಿನವು. ಮೂತ್ರಕೋಶ ಖಾಲಿಯಾಗಲಿಲ್ಲ ಎನಿಸುವುದು, ಎದ್ದ ಮೇಲೆ ಧೋತರಕ್ಕೆ ನಾಲ್ಕು ಹನಿ ಬೀಳುವುದು ಮೂತ್ರ ಮಾಡಿದ ನಂತರದವು.

ಪ್ರದೇಶ ಮತ್ತು ಚಿಕಿತ್ಸೆಯ ದಾರಿ

ಜೇವರ್ಗಿ ಕಡೆಯಿಂದ ಬಂದು ಬಳ್ಳಾರಿಯತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಸಾಲಾಗಿ ಬರುತ್ತವೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು, ಅಕ್ಕಿ ಗಿರಣಿಗಳ ಊರು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಮತ್ತು ಮುದಗಲ್ಲ ಕೋಟೆ ಇವೆ. ಅಶೋಕನ ಹೆಸರು ನೇರವಾಗಿ ಸಿಕ್ಕ ಶಾಸನದಿಂದ ಹೆಸರಾದ ಮಸ್ಕಿ ಈಚೆಗೆ ತಾಲ್ಲೂಕು ಕೇಂದ್ರವಾಯಿತು. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೊಲ, ಗಿರಣಿ, ಗಣಿಗಳಲ್ಲಿ ಬೆವರು ಸುರಿಸಿ ದುಡಿಯುವವರಿಗೆ ನೀರು ಕುಡಿಯುವುದೂ ಮೂತ್ರಕ್ಕೆ ಹೋಗುವುದೂ ದಿನದ ಕೆಲಸದ ನಡುವೆಯೇ ಹೊಂದಿಸಿಕೊಳ್ಳಬೇಕಾದ ಸಂಗತಿಗಳು.

ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ 60 ದಾಟಿದವರ ಕಾಯಿಲೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಇದು ಗಂಡಸರ ಪ್ರಮುಖ ಕ್ಯಾನ್ಸರುಗಳ ಸಾಲಿಗೆ ಸೇರಿದೆ. ಗ್ರಾಮೀಣ ಭಾಗದಲ್ಲಿ ಅನೇಕರು ಬೆನ್ನುನೋವು, ಮೂತ್ರ ಕಟ್ಟುವುದು ಶುರುವಾದ ಮೇಲೆಯೇ ಆಸ್ಪತ್ರೆ ಹತ್ತುತ್ತಾರೆ. ಅಷ್ಟರಲ್ಲಿ ಕಾಯಿಲೆ ಎಲುಬಿಗೆ ಇಳಿದಿರುವುದುಂಟು.

ಈ ಮೂರು ತಾಲ್ಲೂಕಿನವರಿಗೆ ಜಿಲ್ಲಾ ಮಟ್ಟದಲ್ಲಿ ಹತ್ತಿರವಿರುವುದು 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್. ವಿಕಿರಣ ಮತ್ತು ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಕಲಬುರಗಿಯ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರು, ಹೈದರಾಬಾದುಗಳಿಗೆ ಹೋಗುವವರಿದ್ದಾರೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದದ್ದು ಇಂಥ ಪ್ರಯಾಣಕ್ಕೆ ಒಂದು ಆಸರೆ. ಖರ್ಚಿನ ವಿಷಯದಲ್ಲಿಯೂ ಈ ಭಾಗಕ್ಕೆ ಒಂದು ಇತಿಹಾಸವಿದೆ. ಬಡ ಕುಟುಂಬಗಳಿಗೆ ದುಬಾರಿ ಚಿಕಿತ್ಸೆ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ರಾಯಚೂರನ್ನೂ ಒಳಗೊಂಡ ಗುಲಬರ್ಗಾ ವಿಭಾಗದಲ್ಲೇ. 2018ರಿಂದ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೊರ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಬಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆಯ ನಂತರ

ಕಾಯಿಲೆ ಗ್ರಂಥಿಯೊಳಗೇ ಇದ್ದಾಗ ಇಡೀ ಪ್ರಾಸ್ಟೇಟನ್ನು ವೀರ್ಯಕೋಶಗಳ ಸಮೇತ ತೆಗೆದು, ಮೂತ್ರಕೋಶದ ಕೊರಳನ್ನು ಉಳಿದ ಮೂತ್ರನಾಳಕ್ಕೆ ಹೊಲಿಯುತ್ತಾರೆ. ಹೊಲಿಗೆ ಕೂಡಿಕೊಳ್ಳಲೆಂದು ಒಂದರಿಂದ ಎರಡು ವಾರ ಕ್ಯಾತಿಟರ್, ಜನರ ಮಾತಿನಲ್ಲಿ ಪೈಪು, ಒಳಗಿರುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಮೇಲಿನ ಬಳೆ ಬಹುಮಟ್ಟಿಗೆ ಹೋಗುವುದರಿಂದ ಹಿಡಿದಿಡುವ ಭಾರವೆಲ್ಲ ಕೆಳಗಿನ ಬಳೆಯ ಮೇಲೆ ಬೀಳುತ್ತದೆ. ಪೈಪು ತೆಗೆದ ದಿನದಿಂದ ಕೆಮ್ಮಿದರೆ, ಸೀನಿದರೆ, ಕುಳಿತಲ್ಲಿಂದ ಎದ್ದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ. ಮೊದಲ ವಾರಗಳಲ್ಲಿ ಇದು ನಿರೀಕ್ಷಿತವೇ. ಬಹುಪಾಲು ಜನರಲ್ಲಿ ಮೂರರಿಂದ ಹನ್ನೆರಡು ತಿಂಗಳೊಳಗೆ ಗಣನೀಯವಾಗಿ ಸುಧಾರಿಸುತ್ತದೆ.

ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 1,643 ಗಂಡಸರನ್ನು ಶಸ್ತ್ರಚಿಕಿತ್ಸೆ, ವಿಕಿರಣ, ನಿಗಾವಣೆ ಎಂಬ ಮೂರು ಗುಂಪುಗಳಲ್ಲಿ ಹಂಚಿ ವರ್ಷಗಟ್ಟಲೆ ಹಿಂಬಾಲಿಸಿತು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಆರು ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಗುಂಪಿನ ಶೇ 46 ಮಂದಿ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದರು. ಆರು ವರ್ಷದ ಹೊತ್ತಿಗೆ ಈ ಪ್ರಮಾಣ ಶೇ 17ಕ್ಕೆ ಇಳಿದಿತ್ತು. ವಿಕಿರಣದ ಗುಂಪಿನಲ್ಲಿ ಆರು ವರ್ಷಕ್ಕೆ ಅದು ಶೇ 4 ಮಾತ್ರ. ಇದರಿಂದ ಎರಡು ಮಾತು ಸ್ಪಷ್ಟ. ಸೋರಿಕೆ ಸಾಮಾನ್ಯ, ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಆದರೆ ಒಂದು ಪಾಲು ಗಂಡಸರಲ್ಲಿ ಉಳಿದುಬಿಡುತ್ತದೆ, ಅವರಿಗೆ ಮುಂದಿನ ಚಿಕಿತ್ಸೆ ಬೇಕು.

ಇನ್ನೊಂದು ತೊಡಕು ಹೊಲಿಗೆಯ ಜಾಗ ಗಾಯದಂತೆ ಕುಗ್ಗಿ ದಾರಿ ಕಿರಿದಾಗುವುದು. ಇದು ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಕಾಣಿಸುತ್ತದೆ. ಚೆನ್ನಾಗಿ ಬರುತ್ತಿದ್ದ ಧಾರೆ ದಿನೇ ದಿನೇ ಸಣ್ಣಗಾಗಿ, ಕೊನೆಗೆ ಹನಿ ಹನಿ ಬೀಳತೊಡಗಿದರೆ ಇದನ್ನು ಶಂಕಿಸಬೇಕು. ಸೋರಿಕೆ ಎಂದುಕೊಂಡು ಬರೀ ಪ್ಯಾಡ್ ಬದಲಿಸುತ್ತ ಕೂತವರಲ್ಲಿ ಮೂತ್ರಕೋಶ ತುಂಬಿ ತುಳುಕುತ್ತಿರುವುದು ಎಷ್ಟೋ ಸಲ ಸ್ಕ್ಯಾನಿಂಗಿನಲ್ಲಿ ಬಯಲಾಗುತ್ತದೆ.

ವಿಕಿರಣದ ಸಮಯದಲ್ಲಿ ಮತ್ತು ನಂತರ

ಊರಿನವರು 'ಕರೆಂಟ್ ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆ ನಾಲ್ಕರಿಂದ ಎಂಟು ವಾರ, ವಾರಕ್ಕೆ ಐದು ದಿನದಂತೆ ನಡೆಯುತ್ತದೆ. ಮೂತ್ರಕೋಶದ ಮೊದಲ ಪಾಠ ಇಲ್ಲಿಂದಲೇ ಶುರು. ಪ್ರತಿದಿನ ಯಂತ್ರದ ಕೆಳಗೆ ಮಲಗುವ ಮುನ್ನ ಗುದನಾಳ ಖಾಲಿಯಾಗಿರಬೇಕು, ಮೂತ್ರಕೋಶ ಹಿತಮಿತವಾಗಿ ತುಂಬಿರಬೇಕು. ಅದಕ್ಕೆಂದೇ ಮೂತ್ರ ಮಾಡಿ ಬಂದು, ಸಿಬ್ಬಂದಿ ಹೇಳಿದಷ್ಟು ನೀರು ಕುಡಿದು, ಹೇಳಿದಷ್ಟು ಹೊತ್ತು ಕಾಯಬೇಕು. ತುಂಬಿದ ಮೂತ್ರಕೋಶ ಮೇಲಕ್ಕೆ ಸರಿದು ಅದರ ಹೆಚ್ಚಿನ ಭಾಗ, ಜೊತೆಗೆ ಸಣ್ಣ ಕರುಳು, ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತವೆ. ಸರದಿ ತಡವಾಗಿ ತಡೆಯಲಾಗದಿದ್ದರೆ ಸಂಕೋಚಪಡದೆ ಸಿಬ್ಬಂದಿಗೆ ಹೇಳಬೇಕು. ಮೂತ್ರ ಮಾಡಿ ಮತ್ತೆ ನೀರು ಕುಡಿದು ಕಾಯಲು ಅವರು ಅವಕಾಶ ಕೊಡುತ್ತಾರೆ.

ಎರಡು ಮೂರನೆಯ ವಾರದಿಂದ ಮೂತ್ರಕೋಶದ ಒಳಪೊರೆ ಕೆಂಪಾಗಿ ಉರಿ, ಅವಸರ, ಪದೇ ಪದೇ ಹೋಗುವುದು ಶುರುವಾಗುತ್ತದೆ. ಚಿಕಿತ್ಸೆ ಮುಗಿದು ಕೆಲವು ವಾರಗಳಲ್ಲಿ ಇಳಿಯುತ್ತದೆ. ತಡವಾಗಿ ಬರುವ ಪರಿಣಾಮ ಇದಕ್ಕಿಂತ ಬೇರೆ. ಆರು ತಿಂಗಳಿಂದ ಹಲವು ವರ್ಷಗಳ ನಂತರ ಮೂತ್ರಕೋಶದ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಗೋಡೆ ಬಿರುಸಾಗುತ್ತದೆ, ಹಿಡಿಯುವ ಪ್ರಮಾಣ ಕಡಿಮೆಯಾಗುತ್ತದೆ. ಹೊಸದಾಗಿ ಹುಟ್ಟುವ ತೆಳು ರಕ್ತನಾಳಗಳು ಒಡೆದು ಮೂತ್ರದಲ್ಲಿ ರಕ್ತ ಬೀಳುತ್ತದೆ.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 2021ರಲ್ಲಿ ಪ್ರಕಟಿಸಿದ, 224 ರೋಗಿಗಳ ಅಧ್ಯಯನ, ಕಿರಣದ ವ್ಯಾಪ್ತಿ ಹೆಚ್ಚಿದಂತೆ ಲಾಭದ ಜೊತೆ ತೊಂದರೆಯೂ ಹೆಚ್ಚುವುದನ್ನು ತೋರಿಸುತ್ತದೆ. ಪ್ರಾಸ್ಟೇಟಿಗಷ್ಟೇ ಕಿರಣ ಕೊಟ್ಟವರಿಗಿಂತ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೂ ಕೊಟ್ಟವರಲ್ಲಿ ಕ್ಯಾನ್ಸರ್ ಹಿಡಿತ ಉತ್ತಮವಾಗಿತ್ತು. ಆದರೆ ತಡವಾಗಿ ಬರುವ, ಗಮನಿಸಬೇಕಾದ ಮಟ್ಟದ ಮೂತ್ರ ತೊಂದರೆ ಮೊದಲ ಗುಂಪಿನಲ್ಲಿ ಸುಮಾರು ಶೇ 9, ಎರಡನೆಯದರಲ್ಲಿ ಶೇ 20. ಮೊದಲೇ ಟಿಯುಆರ್‌ಪಿ ಎಂಬ, ದುರ್ಬೀನಿನಿಂದ ಪ್ರಾಸ್ಟೇಟ್ ಕೆರೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ವಿಕಿರಣದ ನಂತರ ದಾರಿ ಕಿರಿದಾಗುವ ಸಂಭವ ಹೆಚ್ಚು. ಆ ಹಳೆಯ ಕಾಗದಗಳನ್ನು ವಿಕಿರಣ ವೈದ್ಯರಿಗೆ ತೋರಿಸುವುದನ್ನು ಮರೆಯಬಾರದು.

ಹಾರ್ಮೋನ್ ಚಿಕಿತ್ಸೆಯ ನಂತರ

ಪುರುಷ ಹಾರ್ಮೋನನ್ನು ತಗ್ಗಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿ ಬಂತು. ಇದನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಚುಚ್ಚುಮದ್ದಿನಿಂದ ಸಾಧಿಸಬಹುದು, ಇಲ್ಲವೆ ವೃಷಣಗಳನ್ನು ತೆಗೆಯಬಹುದು. ಒಂದೇ ಸಲಕ್ಕೆ ಮುಗಿಯುವ, ಕಡಿಮೆ ಖರ್ಚಿನ ಎರಡನೆಯ ದಾರಿ ದೂರದ ಹಳ್ಳಿಯವರಿಗೆ ಹಲವು ಸಲ ಅನುಕೂಲಕರ. ಗ್ರಂಥಿ ಕುಗ್ಗುತ್ತ ಹೋದಂತೆ ಧಾರೆ ಸುಧಾರಿಸುತ್ತದೆ. ಮೂತ್ರ ಕಟ್ಟಿ ಪೈಪು ಹಾಕಿಸಿಕೊಂಡ ಕೆಲವರಿಗೆ ವಾರಗಳು ಅಥವಾ ತಿಂಗಳುಗಳ ನಂತರ ಪೈಪು ತೆಗೆದು ನೋಡಲು ಸಾಧ್ಯವಾಗುತ್ತದೆ. ಕೆಲವು ಚುಚ್ಚುಮದ್ದುಗಳು ಮೊದಲ ದಿನಗಳಲ್ಲಿ ಹಾರ್ಮೋನನ್ನು ತಾತ್ಕಾಲಿಕವಾಗಿ ಏರಿಸುತ್ತವೆ. ಆಗ ಮೂತ್ರ ಕಟ್ಟುವುದು, ಬೆನ್ನುಹುರಿಯ ಮೇಲೆ ಒತ್ತಡ ಬೀಳುವುದು ಆಗದಿರಲೆಂದು ಅದಕ್ಕೂ ಮುಂಚೆ ಗುಳಿಗೆ ಕೊಡುತ್ತಾರೆ. ಆ ಗುಳಿಗೆಗಳನ್ನು ತಪ್ಪಿಸಬಾರದು.

ತಪಾಸಣೆಗಳು

ಮೂತ್ರದ ದಿನಚರಿ: ಎಲ್ಲಕ್ಕೂ ಮೊದಲು ಆಗಬೇಕಾದ, ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಟ್ಟುಕೊಂಡು ಮೂರು ದಿನ, ಯಾವ ಹೊತ್ತಿಗೆ ಎಷ್ಟು ಮೂತ್ರ ಬಂತು, ಎಷ್ಟು ನೀರು–ಚಹಾ ಕುಡಿದಿರಿ, ಯಾವಾಗ ಸೋರಿತು ಎಂಬುದನ್ನು ಬರೆದಿಡಬೇಕು. ಓದು ಬರಹ ಬಾರದವರಿಗೆ ಮನೆಯ ಮಕ್ಕಳು, ಮೊಮ್ಮಕ್ಕಳು ಬರೆದುಕೊಡಬಹುದು. ಉದಾಹರಣೆಗೆ ಒಬ್ಬರ 24 ಗಂಟೆಯ ಮೂತ್ರ ಒಟ್ಟು 1,800 ಮಿ.ಲೀ. ಎನ್ನೋಣ. ಮಲಗಿದ ಮೇಲೆ ರಾತ್ರಿ ಮೂರು ಸಲ ಎದ್ದದ್ದು ಮತ್ತು ಬೆಳಿಗ್ಗೆ ಎದ್ದ ಕೂಡಲೇ ಹೋದದ್ದು ಸೇರಿ 750 ಮಿ.ಲೀ. ಬಂದಿದ್ದರೆ ಅದು ದಿನದ ಮೂತ್ರದ ಶೇ 42ರಷ್ಟು. ಹಿರಿಯರಲ್ಲಿ ಶೇ 33 ಮೀರಿದರೆ ರಾತ್ರಿ ಮೂತ್ರ ಹೆಚ್ಚು ತಯಾರಾಗುತ್ತಿದೆ ಎಂದರ್ಥ. ಇವರಿಗೆ ಮೂತ್ರಕೋಶದ ಗುಳಿಗೆಗಿಂತ ಕಾಲು ಬಾವು, ಹೃದಯ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸಂಜೆಯ ಉಪ್ಪು–ನೀರಿನ ಪ್ರಮಾಣ ಇವನ್ನು ನೋಡುವುದು ಮುಖ್ಯ. ಇನ್ನೊಬ್ಬರು ರಾತ್ರಿ ಐದು ಸಲ ಎದ್ದು ಪ್ರತಿ ಸಲ 80 ಮಿ.ಲೀ. ಮಾತ್ರ ಮಾಡಿದ್ದರೆ ತೊಂದರೆ ಮೂತ್ರಕೋಶದಲ್ಲೇ ಇರುವ ಸಂಭವ ಹೆಚ್ಚು. ಇಬ್ಬರೂ ವೈದ್ಯರ ಮುಂದೆ ಹೇಳುವುದು 'ರಾತ್ರಿ ನಿದ್ದಿಲ್ರಿ' ಎಂಬ ಒಂದೇ ಮಾತು. ವ್ಯತ್ಯಾಸ ತಿಳಿಸುವುದು ಆ ಹಾಳೆ.

ಪ್ರಶ್ನಾವಳಿ: ಐಪಿಎಸ್‌ಎಸ್ ಎಂಬ ಅಂತರರಾಷ್ಟ್ರೀಯ ಪ್ರಶ್ನಾವಳಿಯಲ್ಲಿ ಏಳು ಪ್ರಶ್ನೆಗಳಿವೆ, ಒಟ್ಟು 35 ಅಂಕ. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಮೇಲೆ ತೀವ್ರ. ಎಂಟನೆಯ ಪ್ರಶ್ನೆ, ಈ ಸ್ಥಿತಿಯಲ್ಲೇ ಬದುಕು ಸಾಗಿಸಬೇಕಾದರೆ ಹೇಗನಿಸುತ್ತದೆ ಎಂಬುದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸಿನಲ್ಲಿತ್ತು. ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಮಾತಾಡುವವರೂ, ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡುವವರೂ ಇಲ್ಲಿದ್ದಾರೆ. ಆದ್ದರಿಂದ ಈ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿ, ಬಾಯಿಮಾತಿನಲ್ಲೇ ಕೇಳಿ ಅಂಕ ಹಾಕುವುದು ಸೂಕ್ತ. ಸೊಸೆ, ಮಗಳ ಎದುರು ಹಿರಿಯರು ಬಾಯಿ ಬಿಡುವುದಿಲ್ಲ. ಸ್ವಲ್ಪ ಹೊತ್ತು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಬೇಕು.

ಮೂತ್ರ ಮತ್ತು ರಕ್ತ ಪರೀಕ್ಷೆ: ಸೋಂಕು, ರಕ್ತ, ಸಕ್ಕರೆ ತಿಳಿಯಲು ಸಾಮಾನ್ಯ ಮೂತ್ರ ಪರೀಕ್ಷೆ ಸಾಕು. ಸೋಂಕಿನ ಶಂಕೆಯಿದ್ದರೆ ಆ್ಯಂಟಿಬಯಾಟಿಕ್ ಶುರುಮಾಡುವ ಮುಂಚೆಯೇ ಕಲ್ಚರ್‌ಗೆ ಮೂತ್ರ ಕೊಡಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಎರಡು ದಿನ ಗುಳಿಗೆ ನುಂಗಿ ಬಂದರೆ ರೋಗಾಣು ಸಿಗದೆ ಕಾಯಿಲೆ ಅಡಗಿ ಕೂರುತ್ತದೆ. ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮೂತ್ರಪಿಂಡದ ಸ್ಥಿತಿ ಹೇಳುತ್ತದೆ.

ಉಳಿಕೆ ಮೂತ್ರದ ಸ್ಕ್ಯಾನಿಂಗ್: ಮೂತ್ರ ಮಾಡಿದ ಕೂಡಲೇ ಹೊಟ್ಟೆಯ ಕೆಳಭಾಗಕ್ಕೆ ಅಲ್ಟ್ರಾಸೌಂಡ್ ಮಾಡಿ ಒಳಗೆ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಪ್ರಮಾಣ ಸಿಗುತ್ತದೆ. 8, 7, 6 ಸೆಂ.ಮೀ. ಇದ್ದರೆ ಸುಮಾರು 175 ಮಿ.ಲೀ. 50 ಮಿ.ಲೀ.ಗಿಂತ ಕಡಿಮೆ ಉಳಿದರೆ ಚೆನ್ನಾಗಿ ಖಾಲಿಯಾಗುತ್ತಿದೆ ಎನ್ನಬಹುದು. 200 ಮೀರಿದರೆ ಕಾರಣ ಹುಡುಕಬೇಕು. 300 ಮಿ.ಲೀ.ಗಿಂತ ಹೆಚ್ಚು ಆರು ತಿಂಗಳು ಉಳಿಯುತ್ತ ಬಂದರೆ ಅದು ದೀರ್ಘಕಾಲದ ಮೂತ್ರ ಕಟ್ಟುವಿಕೆ. ನೋವಿಲ್ಲದಿದ್ದರೂ ಮೂತ್ರಪಿಂಡಗಳು ಊದಿಕೊಳ್ಳಬಹುದು. ಸ್ಕ್ಯಾನಿಂಗಿಗಾಗಿ ಗಂಟೆಗಟ್ಟಲೆ ತಡೆದು, ಮಿತಿಮೀರಿ ತುಂಬಿಸಿಕೊಂಡ ಮೂತ್ರಕೋಶ ಪೂರ್ತಿ ಖಾಲಿಯಾಗದೆ ತಪ್ಪು ಲೆಕ್ಕ ಕೊಡುತ್ತದೆ. ಹಾಗಿದ್ದಾಗ ಇನ್ನೊಮ್ಮೆ ಹೋಗಿ ಬಂದು ಮತ್ತೆ ಅಳೆಸಬೇಕು.

ಧಾರೆಯ ವೇಗ: ಯೂರೋಫ್ಲೋ ಯಂತ್ರದಲ್ಲಿ ಮೂತ್ರ ಮಾಡಿದಾಗ ಸೆಕೆಂಡಿಗೆ ಎಷ್ಟು ಮಿ.ಲೀ. ಬರುತ್ತದೆಂಬ ಗೆರೆ ಮೂಡುತ್ತದೆ. ಗರಿಷ್ಠ ವೇಗ 15ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸರಿ. 10ಕ್ಕಿಂತ ಕಡಿಮೆಯಾದರೆ ದಾರಿಯಲ್ಲಿ ಅಡ್ಡಿ ಅಥವಾ ಮೂತ್ರಕೋಶದ ಸ್ನಾಯುವಿನ ದುರ್ಬಲತೆ ಇರಬಹುದು. ಕನಿಷ್ಠ 150 ಮಿ.ಲೀ. ಬಂದರೆ ಮಾತ್ರ ಲೆಕ್ಕ ನಂಬುವಂಥದ್ದು. ಯಂತ್ರವಿಲ್ಲದ ಕಡೆ ಅಳತೆಯ ಡಬ್ಬಿ ಮತ್ತು ಮೊಬೈಲಿನ ಗಡಿಯಾರದಿಂದ ಸರಾಸರಿ ವೇಗ ತಿಳಿಯಬಹುದು. 200 ಮಿ.ಲೀ. ಬರಲು 40 ಸೆಕೆಂಡು ಹಿಡಿದರೆ ಸರಾಸರಿ 5. ತಿಂಗಳಿಂದ ತಿಂಗಳಿಗೆ ಈ ಸಂಖ್ಯೆ ಇಳಿಯುತ್ತಿದ್ದರೆ ಅದೇ ಎಚ್ಚರಿಕೆಯ ಗಂಟೆ.

ಸಿಸ್ಟೋಸ್ಕೋಪಿ ಮತ್ತು ಯೂರೋಡೈನಮಿಕ್ಸ್: ಮೂತ್ರನಾಳದ ಮೂಲಕ ಸಣ್ಣ ದುರ್ಬೀನು ಕಳಿಸಿ ಒಳಗೆ ನೋಡುವುದು ಸಿಸ್ಟೋಸ್ಕೋಪಿ. ದಾರಿ ಕಿರಿದಾದದ್ದು, ಕಲ್ಲು, ವಿಕಿರಣದ ಗಾಯ, ಗೆಡ್ಡೆ ಕಣ್ಣಿಗೆ ಕಾಣುತ್ತವೆ. ಬಣ್ಣ ಕಾಣುವಂತೆ ರಕ್ತ ಒಂದೇ ಒಂದು ಸಲ ಬಿದ್ದು ನಿಂತರೂ ಈ ಪರೀಕ್ಷೆ ಬೇಕು. ಅದು ವಿಕಿರಣದ ಪರಿಣಾಮ ಎಂದು ಮೊದಲೇ ತೀರ್ಮಾನಿಸಬಾರದು; ವಿಕಿರಣದ ನಂತರದ ವರ್ಷಗಳಲ್ಲಿ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ, ಬೀಡಿ ಸೇದುವವರಲ್ಲಿ ಅದು ಮೊದಲೇ ಹೆಚ್ಚು. ಮೂತ್ರಕೋಶದೊಳಗಿನ ಒತ್ತಡ ಅಳೆಯುವ ಯೂರೋಡೈನಮಿಕ್ಸ್ ಎಲ್ಲರಿಗೂ ಬೇಡ. ಕಾರಣ ಗೋಜಲಾದಾಗ ಮತ್ತು ಸೋರಿಕೆಗೆ ಶಸ್ತ್ರಚಿಕಿತ್ಸೆ ಯೋಚಿಸುವಾಗ ಮೂತ್ರರೋಗ ತಜ್ಞರು ಮಾಡಿಸುತ್ತಾರೆ.

ಪಿಎಸ್‌ಎ: ಇದು ಕ್ಯಾನ್ಸರ್ ಮರುಕಳಿಸಿದೆಯೇ ಎಂದು ತಿಳಿಸುವ ರಕ್ತ ಪರೀಕ್ಷೆ. ಪ್ರಾಸ್ಟೇಟ್ ತೆಗೆದವರಲ್ಲಿ ಇದು ಅಳತೆಗೆ ಸಿಗದಷ್ಟು ಇಳಿಯಬೇಕು; ಎರಡು ಸಲ ಮಿ.ಲೀ.ಗೆ 0.2 ನ್ಯಾನೊಗ್ರಾಂ ಅಥವಾ ಹೆಚ್ಚು ಬಂದರೆ ಮರುಕಳಿಕೆಯ ಸೂಚನೆ. ವಿಕಿರಣ ಪಡೆದವರಲ್ಲಿ ಅತಿ ಕೆಳಗಿಳಿದ ಮಟ್ಟಕ್ಕಿಂತ 2 ಹೆಚ್ಚಾದರೆ ಹಾಗೆಂದು ಎಣಿಸುತ್ತಾರೆ. ಪ್ರಾಸ್ಟೇಟ್ ಉಳಿದಿರುವವರಲ್ಲಿ ಮೂತ್ರದ ಸೋಂಕು, ಪೈಪು ಹಾಕಿದ್ದು ಸಹ ಪಿಎಸ್‌ಎಯನ್ನು ಏರಿಸಬಲ್ಲವು. ಆದ್ದರಿಂದ ಸೋಂಕು ವಾಸಿಯಾಗಿ ಸುಮಾರು ಆರು ವಾರದ ನಂತರ ಮತ್ತೆ ನೋಡುವುದು ರೂಢಿ.

ಆರೈಕೆ ಮತ್ತು ಚಿಕಿತ್ಸೆ

ಸೋರಿಕೆಗೆ ಮೊದಲ ಚಿಕಿತ್ಸೆ ಶ್ರೋಣಿ ತಳದ ಸ್ನಾಯುಗಳ ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಹೆಂಗಸರಿಗಾಗಿ ರೂಪಿಸಿದರು. ಗಂಡಸರಿಗೂ ಅಷ್ಟೇ ಉಪಯುಕ್ತ. ಹೂಸು ತಡೆಯುವಾಗ ಒಳಕ್ಕೆ ಎಳೆದುಕೊಳ್ಳುವ ಸ್ನಾಯುವೇ ಇದು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯದಂತೆ, ಉಸಿರು ಹಿಡಿಯದಂತೆ ಅದನ್ನು ಐದರಿಂದ ಹತ್ತು ಸೆಕೆಂಡು ಎಳೆದು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಕೆಮ್ಮುವ, ಏಳುವ, ಭಾರ ಎತ್ತುವ ಮುನ್ನ ಒಮ್ಮೆ ಬಿಗಿಯುವುದನ್ನು ರೂಢಿಸಿಕೊಳ್ಳಬೇಕು. ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಲಿಯುವುದು ಮೇಲು. ಪೈಪು ಒಳಗಿರುವಾಗ ಮಾಡಬಾರದು. ಅಕ್ಕಿ ಗಿರಣಿ, ಎಪಿಎಂಸಿಗಳಲ್ಲಿ ಚೀಲ ಹೊರುವ ಹಮಾಲರು ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಆರು ವಾರ ಭಾರ ಎತ್ತದೆ, ವೈದ್ಯರು ಒಪ್ಪಿದ ಮೇಲೆ ನಿಧಾನವಾಗಿ ಕೆಲಸಕ್ಕೆ ಮರಳಬೇಕು.

ಸೋರಿಕೆಯ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುವುದು ದೊಡ್ಡ ತಪ್ಪು. ಏಪ್ರಿಲ್–ಮೇ ಬಿಸಿಲಿನಲ್ಲಿ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಸೋಂಕು, ಕಲ್ಲು ಹೆಚ್ಚುತ್ತವೆ. ಮೂತ್ರ ತಿಳಿಹಳದಿಯಾಗಿರುವಷ್ಟು ನೀರು, ಮಜ್ಜಿಗೆಯನ್ನು ಹಗಲಿನಲ್ಲಿ ಹಂಚಿ ಕುಡಿದು, ಮಲಗುವ ಎರಡು ಮೂರು ಗಂಟೆ ಮುಂಚೆ ಕಡಿಮೆ ಮಾಡಿದರೆ ಸಾಕು. ಹೃದಯ, ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರು ಹೇಳಿದ ಪ್ರಮಾಣ ಅನುಸರಿಸಬೇಕು. ಚಹಾ ಮತ್ತು ಮದ್ಯ ಅವಸರವನ್ನು ಹೆಚ್ಚಿಸುತ್ತವೆ. ಮಲಬದ್ಧತೆ ಮೂತ್ರಕೋಶವನ್ನು ಒತ್ತುತ್ತದೆ. ಜೋಳದ ರೊಟ್ಟಿ, ಸೊಪ್ಪು, ಕಾಳು ಇರುವ ಇಲ್ಲಿನ ಊಟ ಅದಕ್ಕೆ ಒಳ್ಳೆಯ ಮದ್ದು.

ಔಷಧಿ ಕಾರಣಕ್ಕೆ ತಕ್ಕಂತೆ ಬದಲಾಗುತ್ತದೆ. ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಜನೌಷಧಿ ಕೇಂದ್ರಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು. ಅವಸರ ತಗ್ಗಿಸುವ ಸಾಲಿಫೆನಾಸಿನ್, ಆಕ್ಸಿಬ್ಯುಟಿನಿನ್ ಗುಳಿಗೆಗಳು ಬಾಯಿ ಒಣಗಿಸುತ್ತವೆ, ಮಲ ಕಟ್ಟಿಸುತ್ತವೆ, ಹಿರಿಯರಲ್ಲಿ ಮರೆವು ತರಬಹುದು. ಉಳಿಕೆ ಮೂತ್ರ ಅಳೆಯದೆ ಇವನ್ನು ಕೊಟ್ಟರೆ ಮೂತ್ರ ಕಟ್ಟುವ ಅಪಾಯವಿದೆ. ಮಿರಾಬೆಗ್ರಾನ್ ಕೊಡುವಾಗ ರಕ್ತದೊತ್ತಡ ನೋಡಬೇಕು. ನೆಗಡಿಗೆಂದು ಅಂಗಡಿಯಲ್ಲಿ ಕೊಳ್ಳುವ ಕೆಲವು ಗುಳಿಗೆಗಳೂ ಮೂತ್ರ ಕಟ್ಟಿಸುತ್ತವೆ.

ಆರು ತಿಂಗಳಿಂದ ಒಂದು ವರ್ಷದವರೆಗೆ ವ್ಯಾಯಾಮ ಮಾಡಿಯೂ ಸೋರಿಕೆ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ದಾರಿಗಳಿವೆ. ಸೌಮ್ಯ, ಮಧ್ಯಮ ಸೋರಿಕೆಗೆ ಮೂತ್ರನಾಳಕ್ಕೆ ಆಸರೆಪಟ್ಟಿ. ತೀವ್ರ ಸೋರಿಕೆಗೆ ಕೃತಕ ಸ್ಫಿಂಕ್ಟರ್, ಅಂದರೆ ಮೂತ್ರನಾಳದ ಸುತ್ತ ದ್ರವ ತುಂಬಿದ ಪಟ್ಟಿ ಮತ್ತು ವೃಷಣಚೀಲದಲ್ಲಿ ಅಮುಕುವ ಗುಂಡಿ. 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಈ ಸಾಧನ ದೊಡ್ಡ ಕೇಂದ್ರಗಳಲ್ಲಿ ಮಾತ್ರ ಅಳವಡಿಕೆಯಾಗುತ್ತದೆ, ದುಬಾರಿ ಕೂಡ. ಅದನ್ನು ಹಾಕಿಸಿಕೊಂಡವರಿಗೆ ಪಟ್ಟಿ ಸಡಿಲಿಸದೆ ಪೈಪು ತೂರಿಸಬಾರದು. ಕಿರಿದಾದ ದಾರಿಯನ್ನು ದುರ್ಬೀನಿನಿಂದ ಬಿಡಿಸುತ್ತಾರೆ. ವಿಕಿರಣದ ರಕ್ತಸ್ರಾವಕ್ಕೆ ಮೂತ್ರಕೋಶ ತೊಳೆಯುವುದು, ರಕ್ತ ಸೋರುವ ಜಾಗವನ್ನು ಸುಡುವುದು, ಕೆಲವರಿಗೆ ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ ನೆರವಾಗುತ್ತವೆ.

ಮೂತ್ರಕೋಶವೇ ಕುಗ್ಗದವರು ದಿನಕ್ಕೆ ಕೆಲವು ಸಲ ತಾವೇ ಸಣ್ಣ ಪೈಪು ತೂರಿಸಿ ಖಾಲಿ ಮಾಡಿಕೊಳ್ಳುವುದನ್ನು ಕಲಿಯಬಹುದು. ಶುಚಿಯಾದ ಕೈ ಸಾಕು ಎಂದು 1972ರಲ್ಲಿ ಜ್ಯಾಕ್ ಲ್ಯಾಪಿಡೆಸ್ ತೋರಿಸಿಕೊಟ್ಟ ವಿಧಾನವಿದು. ಕಾಯಂ ಪೈಪು ಇರುವವರು ಚೀಲವನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗಿಡಬೇಕು, ಬಸ್ಸಿನಲ್ಲಿ ಕೂಡ ಮೇಲೆ ತೂಗುಹಾಕಬಾರದು. ಲೇಟೆಕ್ಸ್ ಪೈಪನ್ನು ಎರಡರಿಂದ ನಾಲ್ಕು ವಾರಕ್ಕೆ, ಸಿಲಿಕಾನಿನದನ್ನು ಹೆಚ್ಚೆಂದರೆ ಹನ್ನೆರಡು ವಾರಕ್ಕೆ ಬದಲಿಸಬೇಕು. ಪ್ಯಾಡ್ ಕೊಳ್ಳಲಾಗದವರು ಹಳೆಯ ಹತ್ತಿ ಧೋತರವನ್ನು ಮಡಚಿ ಬಳಸಿ, ಸೋಪಿನಿಂದ ಒಗೆದು ಬಿಸಿಲಿಗೆ ಒಣಹಾಕಬಹುದು. ಕಾಂಡೋಮ್ ಕ್ಯಾತಿಟರ್ ದೂರ ಪ್ರಯಾಣಕ್ಕೆ ಅನುಕೂಲ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿಗಳು

ಹೊಟ್ಟೆ ಬಿರಿದು ನೋವಾದರೂ ಮೂತ್ರ ಬಾರದಿರುವುದು; ರಕ್ತದ ಹೆಪ್ಪು ಬೀಳುವುದು; ಚಳಿಜ್ವರದೊಂದಿಗೆ ಉರಿಮೂತ್ರ; ಪೈಪಿದ್ದೂ ಚೀಲಕ್ಕೆ ಮೂತ್ರ ಬಾರದಿರುವುದು; ಮೂತ್ರ ಕಡಿಮೆಯಾಗಿ ವಾಂತಿ, ಮುಖ–ಕಾಲು ಬಾವು. ಇವುಗಳಲ್ಲಿ ಯಾವುದಾದರೂ ಬಂದರೆ ಬೆಳಗಾಗಲೆಂದು ಕಾಯದೆ 108 ಆಂಬುಲೆನ್ಸ್ ಕರೆದು ತಾಲ್ಲೂಕು ಆಸ್ಪತ್ರೆ ಸೇರಬೇಕು. ಮೂತ್ರ ಕಟ್ಟುವುದರ ಜೊತೆಗೆ ಕಾಲು ಸೋಲುವುದು, ಮರಗಟ್ಟುವುದು, ಹೊಸ ಬೆನ್ನುನೋವು ಇದ್ದರೆ ಕ್ಯಾನ್ಸರ್ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಗಂಟೆಗಳ ತಡವೂ ಶಾಶ್ವತವಾಗಿ ಕಾಲು ಕಸಿದುಕೊಳ್ಳಬಲ್ಲದು. ಪ್ರಾಸ್ಟೇಟ್ ತೆಗೆದ ಮೊದಲ ವಾರಗಳಲ್ಲಿ ಪೈಪು ಕಳಚಿಬಿದ್ದರೆ ಅದನ್ನು ಬಲವಂತವಾಗಿ ಮತ್ತೆ ತೂರಿಸದೆ, ಶಸ್ತ್ರಚಿಕಿತ್ಸೆ ಮಾಡಿದವರನ್ನು ಸಂಪರ್ಕಿಸಬೇಕು. ಹೊಸ ಹೊಲಿಗೆ ಹರಿಯುವ ಭಯವಿದೆ.

ಊರಿನಲ್ಲೇ ಅನುಸರಣೆ

ಚಿಕಿತ್ಸೆ ಮುಗಿದವರಿಗೆ ಮೊದಲ ಐದು ವರ್ಷ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಪಿಎಸ್‌ಎ ನೋಡುತ್ತಾರೆ. ಅಪಾಯ ಹೆಚ್ಚಿರುವವರಿಗೆ ಇನ್ನೂ ಬೇಗ. ಅದೇ ದಿನ ಐಪಿಎಸ್‌ಎಸ್ ಅಂಕ, ಮೂತ್ರ ಪರೀಕ್ಷೆ, ಕ್ರಿಯಾಟಿನಿನ್ ಸೇರಿಸಿಕೊಂಡರೆ ಮೂತ್ರಕೋಶದ ಲೆಕ್ಕವೂ ಜೊತೆಗೇ ಆಗುತ್ತದೆ. ಧಾರೆ ಬದಲಾದವರಿಗೆ ಉಳಿಕೆ ಮೂತ್ರದ ಸ್ಕ್ಯಾನಿಂಗ್ ಕೂಡ ಬೇಕು. ಇದಕ್ಕೆ ದೊಡ್ಡ ನಗರ ಬೇಡ. ರಕ್ತ ತೆಗೆಯುವ, ಸ್ಕ್ಯಾನಿಂಗ್ ಮಾಡುವ ವ್ಯವಸ್ಥೆಯಿರುವ ಕಡೆ ಒಂದೇ ಬೆಳಗಿನಲ್ಲಿ ಮುಗಿಯುವ ಕೆಲಸ. ಫಲಿತಾಂಶವನ್ನು ಚಿಕಿತ್ಸೆ ಕೊಟ್ಟ ಕೇಂದ್ರಕ್ಕೆ ತೋರಿಸಿ, ಬದಲಾವಣೆ ಕಂಡಾಗಲಷ್ಟೇ ಅಲ್ಲಿಗೆ ಪಯಣ ಬೆಳೆಸಿದರೆ ಸಾಕೇ ಎಂದು ಅಲ್ಲಿನ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಪ್ರತಿ ರೋಗಿಯ ಕೈಯಲ್ಲಿ ಒಂದು ಫೈಲು ಇರಬೇಕು. ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ವಿಕಿರಣದ ಒಟ್ಟು ಪ್ರಮಾಣ ಮತ್ತು ದಿನಾಂಕ, ಚುಚ್ಚುಮದ್ದಿನ ತಾರೀಖು, ಪಿಎಸ್‌ಎಗಳ ಪಟ್ಟಿ, ಪೈಪು ಬದಲಿಸಿದ ದಿನ, ಕೊನೆಯ ಉಳಿಕೆ ಮೂತ್ರದ ಅಳತೆ ಇಷ್ಟು ಅದರಲ್ಲಿದ್ದರೆ, ರಾತ್ರಿ ಹೊತ್ತು ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ಎದುರಾಗುವ ಹೊಸ ವೈದ್ಯರೂ ಸರಿಯಾದ ತೀರ್ಮಾನ ತೆಗೆದುಕೊಳ್ಳಬಲ್ಲರು. ಆಶಾ ಕಾರ್ಯಕರ್ತೆಯರು ರಕ್ತದೊತ್ತಡ, ಸಕ್ಕರೆ ಕಾಯಿಲೆಯವರ ಮನೆಗೆ ಹೋದಾಗ ಈ ಹಿರಿಯರಿಗೂ ಮೂರು ಪ್ರಶ್ನೆ ಕೇಳಬಹುದು: ಮೂತ್ರ ಸಲೀಸಾಗಿ ಬರುತ್ತದೆಯೇ, ರಕ್ತ ಬಿತ್ತೇ, ನೀರು ಕುಡಿಯುತ್ತಿದ್ದೀರೇ?

'ವಯಸ್ಸಾತು ಬಿಡ್ರಿ' ಎಂದು ಸುಮ್ಮನಾಗುವ ಹಿರಿಯರು ಮದುವೆ, ಜಾತ್ರೆ, ಸಂತೆಗಳಿಂದ ದೂರ ಉಳಿಯುತ್ತಾರೆ. ವಾಸನೆ ಬಂದೀತೆಂದು ಮೊಮ್ಮಕ್ಕಳನ್ನು ಹತ್ತಿರ ಸೇರಿಸದೆ ಹೊರಜಗಲಿಯಲ್ಲಿ ಹಾಸಿಗೆ ಹಾಕಿಸಿಕೊಳ್ಳುವವರಿದ್ದಾರೆ. ಕ್ಯಾನ್ಸರಿನಿಂದ ಬದುಕುಳಿದವರಿಗೆ ಇಂಥ ಒಂಟಿತನ ಸಲ್ಲದು. ಮೇಲೆ ಹೇಳಿದ ತೊಂದರೆಗಳಲ್ಲಿ ಕೆಲವು ಪೂರ್ತಿ ವಾಸಿಯಾಗುತ್ತವೆ, ಉಳಿದವುಗಳಲ್ಲಿ ಹೆಚ್ಚಿನವನ್ನು ತಾಳಿಕೊಳ್ಳುವ ಮಟ್ಟಕ್ಕೆ ಇಳಿಸಬಹುದು. ಅದಕ್ಕೆ ರೋಗಿ ಬಾಯಿಬಿಟ್ಟು ಹೇಳಬೇಕು, ಮನೆಯವರು ಮುಖ ತಿರುಗಿಸದೆ ಕೇಳಬೇಕು, ತಾಲ್ಲೂಕು ಆಸ್ಪತ್ರೆ ಅಳತೆ ಮಾಡಿ ನೋಡಬೇಕು.